ಕಾಡಿನಲ್ಲಿ ದಾರಿ ತಪ್ಪಿ, ಬಾಟಲಿಯೂ ಖಾಲಿಯಾದರೆ ಕುಡಿಯುವ ನೀರು ಹುಡುಕುವುದು ಹೇಗೆ?

ಗುಂಡಿ ತೋಡಿ ಪ್ಲಾಸ್ಟಿಕ್ ಹೊದಿಸಿ, ಮಣ್ಣಿನ ತೇವ ಆವಿಯಾಗಿ ಅದರ ಅಡಿಯಲ್ಲಿ ಹನಿಗಟ್ಟಲು ಬಿಟ್ಟರೆ ಲೋಟಗಟ್ಟಲೆ ನೀರು ಸಿಗುತ್ತದೆಯೇ ಎಂದೂ ಕೇಳಿದ್ದೀರಿ. ವಿಡಿಯೊಗಳಲ್ಲಿ ಸಿಗುತ್ತದೆ. ನಿಜವಾಗಿ ತೋಡಿದರೆ, ತೋಡುವಾಗ ಹರಿದ ಬೆವರಿನಷ್ಟು ನೀರೂ ಕೈಗೆ ಬರುವುದು ಅನುಮಾನ. ಅದನ್ನು ಮರೆತುಬಿಡಿ.

ನನಗೆ ನೀರಿಲ್ಲದ ಬಿಸಿ ತಟ್ಟಿದ್ದು ಕುಮಾರ ಪರ್ವತದಲ್ಲಿ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರಿಗೆ ಗೊತ್ತಿರುತ್ತದೆ: ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ನೆರಳು ಮುಗಿದು, ಬೋಳು ಹುಲ್ಲುಗಾವಲು ಶುರುವಾಗುತ್ತದೆ. ಜನವರಿ ತಿಂಗಳು. ತಲಾ 2 ಲೀಟರ್ ನೀರು ಹೊತ್ತು ಹೊರಟಿದ್ದ ನಾವಿಬ್ಬರು, ಇಳಿಯುವಾಗ ಆಳೆತ್ತರದ ಹುಲ್ಲಿನಲ್ಲಿ ಕಾಲುದಾರಿ ಕಳೆದುಕೊಂಡೆವು. ಬಾಟಲಿಯಲ್ಲಿ ಒಂದು ಗುಟುಕೂ ಇರಲಿಲ್ಲ.

ಮತ್ತೆ ಮೇಲೆ ಹತ್ತಿ ಸುತ್ತ ನೋಡೋಣ ಎಂದ ಗೆಳೆಯ. ನನಗೆ ಅಜ್ಜಿ ನೆನಪಾದಳು. ಗದಗ ಸೀಮೆಯ ನಮ್ಮೂರಿನಲ್ಲಿ ಹಳ್ಳ ಬತ್ತಿದಾಗ ಅವಳು ಮರಳಿನಲ್ಲಿ ಒರತೆ ತೋಡುತ್ತಿದ್ದಳು. ಎಲ್ಲೆಂದರಲ್ಲಿ ಅಲ್ಲ, ಹಳ್ಳ ತಿರುಗುವಲ್ಲಿ, ಹೊರದಂಡೆಯ ಬುಡದಲ್ಲಿ. ಮಳೆಗಾಲದಲ್ಲಿ ನೀರು ಜೋರಾಗಿ ಬಡಿದು ಆಳ ಕೊರೆದಿರುವುದು ಅಲ್ಲಿಯೇ. ಕೊನೆಗೆ ಉಳಿಯುವುದೂ ಅಲ್ಲಿಯೇ. ಮೊಣಕೈ ಮುಳುಗುವಷ್ಟು ತೋಡಿ ಸುಮ್ಮನೆ ಕುಳಿತುಬಿಡುತ್ತಿದ್ದಳು. ಮೊದಲು ಜಿನುಗಿದ್ದು ಅಕ್ಕಿ ತೊಳೆದ ನೀರಿನಂತೆ ಇರುತ್ತಿತ್ತು. ಅದನ್ನು ಬಟ್ಟಲಿನಿಂದ ಎತ್ತಿ ಚೆಲ್ಲುತ್ತಿದ್ದಳು, ಎರಡನೆಯ ಸಲದ್ದನ್ನೂ ಚೆಲ್ಲುತ್ತಿದ್ದಳು. ಮೂರನೆಯ ಸಲ ತಳದ ಮರಳಿನ ಕಣಗಳು ಕಾಣುತ್ತಿದ್ದವು.

ನೀರು ಉಳಿಯುವುದು ತಗ್ಗಿನಲ್ಲಿ, ಹಾಗಾಗಿ ಹತ್ತಲಿಲ್ಲ. ಎರಡು ಗುಡ್ಡಗಳು ಕೂಡುವ ಸೀಳಿನಲ್ಲಿ ಕಪ್ಪಗೆ ಕಾಣುತ್ತಿದ್ದ ಶೋಲಾದತ್ತ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಕಾಡಿನತ್ತ ಇಳಿದೆವು. ಘಟ್ಟದ ತಲೆಯಲ್ಲಿ ಹುಲ್ಲು ಒಣಗಿ ಹಳದಿಯಾಗಿದ್ದರೂ ಶೋಲಾ ಹಸಿರಾಗಿರುವುದು ಮಣ್ಣಿನಲ್ಲಿ ತೇವ ಉಳಿದಿರುವುದರಿಂದ. ಎಷ್ಟೋ ತೊರೆಗಳು ಹುಟ್ಟುವುದೂ ಅಲ್ಲಿಂದಲೇ. ಇನ್ನೂ ತಗ್ಗಿನ ಕಾಡಾದರೆ ಅತ್ತಿ ಮರ, ಹೊಳೆಮತ್ತಿ, ಕೇದಿಗೆಯ ಮೆಳೆ ಕಾಣುತ್ತವೆಯೇ ನೋಡಿ. ಅತ್ತಿಯ ಬಳಿ ನೀರಿರುತ್ತದೆ ಎಂಬುದನ್ನು ಆರನೆಯ ಶತಮಾನದ ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ. ಆದರೆ ಅವನು ಹೇಳುತ್ತಿರುವುದು ಬಾವಿ ತೋಡುವವರಿಗೆ; ಬರಿಗೈಯಲ್ಲಿ ನಿಂತ ನಿಮಗೆ ಒಣ ತೊರೆಯ ಪಾತ್ರವೇ ಹೆಚ್ಚು ನಂಬಿಕಸ್ಥ.

ನಮಗೆ ಸಿಕ್ಕಿದ್ದೂ ಒಣ ಪಾತ್ರವೇ. ಒಂದು ದೊಡ್ಡ ಬಂಡೆಯ ಕೆಳಬದಿಯಲ್ಲಿ ಮಾತ್ರ ಪಾಚಿ ಹಸಿಯಾಗಿತ್ತು. ತರಗೆಲೆ ಸರಿಸಿ, ಊಟದ ಡಬ್ಬಿಯ ಮುಚ್ಚಳದಿಂದ ಕೆರೆದು ಕಾದೆವು. ಚಹಾ ಬಣ್ಣದ ನೀರು ಬಂತು. ಎರಡು ಸಲ ಚೆಲ್ಲಿ, ಮೂರನೆಯದನ್ನು ನಾಲ್ಕು ಮಡಿಕೆ ಮಾಡಿದ ಪಂಚೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿದೆವು. ಅದು ಕೆಲಸ ಮಾಡಲು ಅರ್ಧ ಗಂಟೆ ಬೇಕು. ನೀರು ಕೈಯಲ್ಲಿಟ್ಟುಕೊಂಡು ಕಾದ ಆ ಅರ್ಧ ಗಂಟೆ ಇಡೀ ದಿನದಲ್ಲಿ ಅತಿ ಉದ್ದದ್ದು.

ಮಾತ್ರೆ ಇಲ್ಲದಿದ್ದರೆ ಕುದಿಸಿ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರ್ ದಾಟಿದರೆ ಮೂರು ನಿಮಿಷ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲ, ಹಾಗಾಗಿ ನಮ್ಮ ರಾಜ್ಯದಲ್ಲಿ ಒಂದೇ ನಿಮಿಷದ ಲೆಕ್ಕ. ಒಣಹುಲ್ಲಿನ ನಡುವೆ ಮಾತ್ರ ಬೆಂಕಿ ಹಚ್ಚಬೇಡಿ, ಕಾಡ್ಗಿಚ್ಚಿನಿಂದ ಓಡಲು ನಿಮಗೆ ದಾರಿಯೂ ಗೊತ್ತಿರುವುದಿಲ್ಲ. ತಿಳಿ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ಆರು ಗಂಟೆ ಚುರುಕು ಬಿಸಿಲಿಗಿಟ್ಟರೂ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಇದಾವುದೂ ಆಗದೆ ಗಂಟಲು ಒಣಗಿ ತಲೆ ಸುತ್ತುತ್ತಿದ್ದರೆ, ಸೋಸಿ ಕುಡಿದುಬಿಡಿ. ಭೇದಿ, ಇಲಿಜ್ವರದ ಭಯ ಸುಳ್ಳಲ್ಲ. ಆದರೆ ಅವುಗಳಿಗೆ ಊರು ಸೇರಿದ ಮೇಲೆ ಔಷಧಿ ಇದೆ. ಕಾಫಿ ತೋಟದ ಕೆಳಗೆ ಹರಿದು ಬರುವ ನೀರಾದರೆ ಮಾತು ಬೇರೆ: ಕೀಟನಾಶಕ ಕುದಿಸಿದರೂ ಹೋಗುವುದಿಲ್ಲ.

ಬಳ್ಳಿ ಕಡಿದರೆ ಕುಡಿಯುವ ನೀರು ಸಿಗುತ್ತದೆಯೇ ಎಂದೂ ಕೇಳಿದ್ದೀರಿ. ಘಟ್ಟದ ಕೆಲವು ಬಳ್ಳಿಗಳಲ್ಲಿ, ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರಿರುವುದು ನಿಜ. ಯಾವುದರಲ್ಲಿ ಎಂಬುದು ಕಾಡಿನಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತು, ನನಗೂ ನಿಮಗೂ ಅಲ್ಲ. ಹಾಲಿನಂಥ ರಸ ಬಂದರೆ ಬಾಯಿಗೆ ಮುಟ್ಟಿಸಲೂ ಬೇಡಿ. ಬೆಳಗಿನ ಜಾವ ಹುಲ್ಲಿನ ಮೇಲೆ ಪಂಚೆ ಎಳೆದು ಇಬ್ಬನಿ ಹಿಂಡಿಕೊಳ್ಳುವುದು ಅದಕ್ಕಿಂತ ಎಷ್ಟೋ ಲೇಸು.

ನೀರು ಸಿಕ್ಕ ಮೇಲೆ ತೊರೆಯ ಗುಂಟ ಇಳಿಯುತ್ತಾ ಹೋದರೆ ಊರು ಸಿಗುತ್ತದೆ ಎನ್ನುವವರಿದ್ದಾರೆ. ಪಶ್ಚಿಮ ಘಟ್ಟದಲ್ಲಿ ಊರಿಗಿಂತ ಮೊದಲು ಸಿಗುವುದು ಜಲಪಾತದ ನೆತ್ತಿ. ನಾವು ಬಾಟಲಿ ತುಂಬಿಕೊಂಡು ಬಂದ ದಾರಿಯಲ್ಲೇ ಹುಲ್ಲುಗಾವಲಿಗೆ ಮರಳಿ, ಸಿಗ್ನಲ್ ಸಿಕ್ಕ ಕಡೆಯಿಂದ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ, ಬಂಡೆಯ ನೆರಳಿನಲ್ಲಿ ಕುಳಿತೆವು. ಹುಡುಕಿಕೊಂಡು ಬಂದವರು ಬಾಟಲಿಯಲ್ಲಿದ್ದ ಚಹಾ ಬಣ್ಣದ ನೀರನ್ನು ನೋಡಿ, ಇದನ್ನೇ ಕುಡಿದಿರಾ ಎಂದು ಕೇಳಿದರು.