ಅವ್ವನ ಮೊಣಕಾಲಿಗೆ ಪಿಆರ್‌ಪಿ ಹಾಕಿಸೋದಾ, ಸ್ಟೆಮ್ ಸೆಲ್ಲಾ?

ರಾಣೆಬೆನ್ನೂರಿನ ಅಣ್ಣಾರೇ, ನಿಮ್ಮ ಪ್ರಶ್ನೆ ನೋಡಿದೆ. ಅವ್ವನಿಗೆ 63 ವಯಸ್ಸು, ಮೆಣಸಿನಗಿಡದಾಗ ಕಳೆ ತೆಗೆಯೋಕೆ ಕುಕ್ಕರಗಾಲಲ್ಲಿ ಕೂತರೆ ಏಳೋಕೆ ಆಗಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಪಿಆರ್‌ಪಿ ಅಂದರು, ಇನ್ನೊಬ್ಬರು ಸ್ಟೆಮ್ ಸೆಲ್ ಅಂದರು. ಯಾವುದು ಮಾಡಿಸಲಿ ಅಂತ ಕೇಳಿದ್ದೀರಿ. ನಾನು ಕುಂದಗೋಳ ಕಡೆಯವನು. ಹೊಲವೂ ಇದೆ, ಫಿಸಿಯೋಥೆರಪಿ ಕೆಲಸವೂ ಇದೆ.

ಮೊದಲು ಎಕ್ಸ್‌ರೇ ನೋಡಿ. ನಿಲ್ಲಿಸಿ ತೆಗೆದಿದ್ದಾರಾ? ಮಲಗಿಸಿ ತೆಗೆದರೆ ಕೀಲಿನ ಸವೆತ ಸರಿಯಾಗಿ ಕಾಣಲ್ಲ. ಸವೆತಕ್ಕೆ 1ರಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. ನಿಮ್ಮ ಅವ್ವನದು ಯಾವ ಗ್ರೇಡ್ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. 4 ಅಂದರೆ ಎಲುಬಿಗೆ ಎಲುಬು ತಾಗೋ ಹಂತ. ಅಲ್ಲಿ ಇಂಜೆಕ್ಷನ್‌ಗೆ ದುಡ್ಡು ಸುರಿಯೋದಕ್ಕಿಂತ ಆಪರೇಷನ್ ಮಾತಾಡೋದು ಮೇಲು.

ಪಿಆರ್‌ಪಿ ಅಂದರೆ ಹೊರಗಿನ ಔಷಧಿ ಅಲ್ಲ. ಅವರದೇ ತೋಳಿನ ರಕ್ತ ತೆಗೆದು, ಮಷೀನಿನಲ್ಲಿ ಗರಗರ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗವನ್ನು ಮೊಣಕಾಲಿಗೆ ಚುಚ್ಚುತ್ತಾರೆ. ಕೆಲವರಿಗೆ ಕೆಲವು ತಿಂಗಳು ನೋವು ಕಡಿಮೆ ಆಗಿದ್ದನ್ನು ನಾನೂ ನೋಡಿದ್ದೇನೆ. ಆದರೆ "ಸವೆದದ್ದು ಮತ್ತೆ ಬೆಳೆಯುತ್ತೆ" ಅಂತ ಹೇಳಿದರೆ ನಂಬಬೇಡಿ. ಎಲುಬಿನ ತುದಿಗೆ ಮೆತ್ತೆಯಂತೆ ಇರೋ ಪದರಕ್ಕೆ ಕಾರ್ಟಿಲೇಜ್ ಅಂತಾರೆ. ಕೀಲಿನ ಕಾರ್ಟಿಲೇಜ್‌ಗೆ ರಕ್ತನಾಳಗಳೇ ಇಲ್ಲ, ಹಾಗಾಗಿ ಅದು ತಾನಾಗಿ ರಿಪೇರಿ ಆಗೋದು ಬಹಳ ಕಷ್ಟ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಒಂದು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ವರ್ಷ ಆದ ಮೇಲೆ ನೋವಿನಲ್ಲೂ ಕಾರ್ಟಿಲೇಜ್‌ನಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಗುಣ ಕಂಡಿದೆ, ಅದಕ್ಕೇ ಡಾಕ್ಟರುಗಳಲ್ಲೇ ಎರಡು ಮಾತು. ಗ್ರೇಡ್ 2 ಇದ್ದು, ಕೈಯಲ್ಲಿ ದುಡ್ಡಿದ್ದರೆ ಹಾಕಿಸಿ ನೋಡಬಹುದು. ಸಾಲ ಮಾಡಿ ಮಾತ್ರ ಬೇಡ.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಅದು ಪೂರ್ತಿ ಮೋಸ ಅನ್ನೋಕೂ ಆಗಲ್ಲ. ಬೆಂಗಳೂರಿನ ಕಂಪನಿಯೊಂದರ ಸ್ಟೆಮ್‌ಪ್ಯೂಸೆಲ್ ಅನ್ನೋ ಔಷಧಿಗೆ ಗ್ರೇಡ್ 2 ಮತ್ತು 3ರ ಮೊಣಕಾಲು ಸವೆತಕ್ಕೆ ಕೇಂದ್ರದ ಔಷಧ ನಿಯಂತ್ರಕರು 2022ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಆದರೆ ಕೆಲವು ಕಡೆ ಸ್ಟೆಮ್ ಸೆಲ್ ಅಂತ ಹೇಳಿ ಹೊಟ್ಟೆಯ ಕೊಬ್ಬು ತೆಗೆದು ಅದೇ ದಿನ ಕಾಲಿಗೆ ಚುಚ್ಚೋದೇ ಬೇರೆ, ಈ ಒಪ್ಪಿಗೆಗೂ ಅದಕ್ಕೂ ಸಂಬಂಧ ಇಲ್ಲ. ಔಷಧಿ ಹೆಸರು ಏನು, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಈಗ ಖರ್ಚಿಲ್ಲದ ಮದ್ದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಅದು ಹೊರುತ್ತದೆ. ಅವ್ವನನ್ನು ಕುರ್ಚಿ ಮೇಲೆ ಕೂರಿಸಿ, ಒಂದು ಕಾಲು ನೆಟ್ಟಗೆ ಚಾಚಿ, ತೊಡೆ ಬಿಗಿಮಾಡಿ, ಐದು ಎಣಿಸಿ ಇಳಿಸೋಕೆ ಹೇಳಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಬೆಳಿಗ್ಗೆ, ಸಂಜೆ. ರೂಢಿ ಆದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು. ಸ್ವಲ್ಪ ನೋವು ಇರುತ್ತೆ, ಮರುದಿನ ಊತ ಬರದಿದ್ದರೆ ಸಾಕು. ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು, ಹೆಚ್ಚಿನವರು ಹದಿನೈದು ದಿನಕ್ಕೇ ಬಿಟ್ಟುಬಿಡುತ್ತಾರೆ. ತೂಕ ಜಾಸ್ತಿ ಇದ್ದರೆ ಇಳಿಸಲಿ. 1 ಕಿಲೋ ಇಳಿದರೆ ಒಂದೊಂದು ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆ.

ಕುಕ್ಕರಗಾಲು ಬಿಡಿಸಿ. ಕಳೆಗೆ ಸೈಕಲ್ ಕುಂಟೆ ಹೊಡೆಯೋರು ಬೇರೆ ಯಾರಾದರೂ ಇರಲಿ. ಮೆಣಸಿನಕಾಯಿ ತೊಟ್ಟು ಬಿಡಿಸೋದನ್ನು ನೆಲದ ಬದಲು ಟೇಬಲ್ ಮೇಲೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಮಾಡಲಿ. ಸಂಡಾಸಿಗೆ ಕಮೋಡ್ ಕುರ್ಚಿ ತನ್ನಿ. ನಾಚಿಕೊಳ್ಳುತ್ತಾರೆ, ನಾಲ್ಕು ದಿನಕ್ಕೆ ರೂಢಿ ಆಗುತ್ತೆ.

ಇನ್ನೊಂದು ಮಾತು. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗೋದು, ಮೇಲಿಂದ ಬಿಸಿಲಲ್ಲಿ ನೀರು ಕುಡಿಯದೆ ದುಡಿಯೋದು ಕಿಡ್ನಿಗೆ ಕೆಟ್ಟದ್ದು. ಪುಡಿ ಕಟ್ಟಿಕೊಡೋ ಕಡೆಗೂ ಹೋಗಬೇಡಿ, ಕೆಲವರು ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಎರಡನೇ ಅಭಿಪ್ರಾಯ ಬೇಕಿದ್ದರೆ ಹಾವೇರಿ ಜಿಲ್ಲಾಸ್ಪತ್ರೆ ಅಥವಾ ಈಗ ಕೆಎಂಸಿಆರ್‌ಐ ಅಂತ ಹೆಸರಾದ ಹುಬ್ಬಳ್ಳಿ ಕಿಮ್ಸ್‌ನ ಎಲುಬಿನ ವಿಭಾಗದಲ್ಲಿ ತೋರಿಸಿ. ಪಿಆರ್‌ಪಿಗೇ ಹೋಗೋದಾದರೆ ಶುಗರ್ ಇದ್ದರೆ, ಆಸ್ಪಿರಿನ್ ಅಥವಾ ನೋವಿನ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿ, ಹೃದಯದ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಇಂಜೆಕ್ಷನ್ ಆದ ಮೇಲೆ ಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.