ಅಕ್ಟೋಬರ್ ಬಂದ್ರೆ ಮಾತ್ರ ಸಿಗೋ ಚಿಪ್ಪು

ಪ್ರಶ್ನೆ: ಮೇಡಂ, ನಮ್ಮಣ್ಣ ಫ್ರಾನ್ಸಲ್ಲಿ ಹೋಟೆಲ್ ಕಿಚನ್ನಲ್ಲಿ ಕೆಲಸ ಮಾಡ್ತಾನೆ. ವಿಡಿಯೋ ಕಾಲಲ್ಲಿ ಸ್ಕ್ಯಾಲಪ್ ಅಂತ ತೋರಿಸ್ದ, ಫ್ರೆಶ್ ಬೇಕಂದ್ರೆ ಅಕ್ಟೋಬರ್ ತನಕ ಕಾಯ್ಬೇಕಂತೆ. ಯಾಕೆ ಹಾಗೆ? ಯೂರೋಪಲ್ಲಿ ಯಾರು ಜಾಸ್ತಿ ಹಿಡೀತಾರೆ, ಹೆಚ್ಚಾಗ್ತಿದ್ಯಾ ಕಮ್ಮಿಯಾಗ್ತಿದ್ಯಾ?
- ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿನಿ, ಹಾಸನ

ಉತ್ತರ: ಸ್ಕ್ಯಾಲಪ್ ಅಂದ್ರೆ ಚಿಪ್ಪಿನೊಳಗೆ ಬದುಕೋ ಸಮುದ್ರದ ಜೀವಿ, ಒಳಗಿನ ಮಾಂಸ ತಿಂತಾರೆ. ಶೆಲ್ ಪೆಟ್ರೋಲ್ ಬಂಕಿನ ಬೋರ್ಡಲ್ಲಿ ಹಳದಿ ಚಿಪ್ಪು ನೋಡಿದ್ಯಲ್ಲಮ್ಮ, ಅದೇ ಇದು. ಜಾಸ್ತಿ ಹಿಡಿಯೋರು ಬ್ರಿಟನ್ ಮತ್ತೆ ಫ್ರಾನ್ಸ್, ಉಳಿದೋರೆಲ್ಲ ಅವರಿಗಿಂತ ತುಂಬಾ ಹಿಂದೆ. ಇನ್ನು ಹೆಚ್ಚೋ ಕಮ್ಮಿಯೋ ಅಂದ್ರೆ ಇಡೀ ಯೂರೋಪಿಗೆ ಒಂದೇ ಉತ್ತರ ಇಲ್ಲ, ಒಂದೊಂದು ಕೊಲ್ಲಿದು ಒಂದೊಂದು ಕಥೆ.

ಫ್ರಾನ್ಸಲ್ಲಿ ಅಕ್ಟೋಬರ್ 1ರಿಂದ ಮೇ 15ರ ತನಕ ಮಾತ್ರ ಹಿಡಿಬಹುದು, ಅಲ್ಲಿನ ಬೇಸಿಗೆ ಜೂನ್ ಮೇಲೆ, ಅದು ಮೊಟ್ಟೆ ಇಡೋ ಕಾಲ. ಇಂಗ್ಲೆಂಡ್ ಫ್ರಾನ್ಸ್ ನಡುವಿನ ಸಮುದ್ರ ಇಂಗ್ಲಿಷ್ ಚಾನೆಲ್ಲಲ್ಲಿ ಬಹುಪಾಲು ಕಡೆ 11 ಸೆಂಟಿಮೀಟರ್‌ಗಿಂತ ಚಿಕ್ಕದು ಬಂದ್ರೆ ವಾಪಸ್ ನೀರಿಗೆ ಬಿಡ್ಬೇಕು, ಮೂಡಿಗೆರೆ ಕಡೆ ಕಾಫಿ ಕುಯ್ಲಲ್ಲಿ ಹಸಿರು ಕಾಯಿ ಬಿಟ್ಟು ಹಣ್ಣಷ್ಟೇ ಬಿಡಿಸ್ತಾರಲ್ಲ ಹಾಗೆ. ಫ್ರಾನ್ಸಿನದೇ ಸೇಂಟ್ ಬ್ರಿಯೂ ಕೊಲ್ಲಿಯಲ್ಲಂತೂ ವಾರಕ್ಕೆರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ ಅಷ್ಟೇ, ಟೈಮ್ ಮುಗೀತು ಅಂದ್ರೆ ಬಲೆ ಮೇಲೆತ್ತಲೇಬೇಕು. ಇಷ್ಟು ಕಟ್ಟುನಿಟ್ಟು ಮಾಡಿದ್ದಕ್ಕೇ ಇತ್ತೀಚಿನ ವರ್ಷಗಳಲ್ಲಿ ಅಲ್ಲೂ ಫ್ರಾನ್ಸಿನ ಇನ್ನೊಂದು ಕೊಲ್ಲಿ ಸೀನ್‌ನಲ್ಲೂ ಚಿಪ್ಪು ಚೆನ್ನಾಗಿ ತುಂಬ್ಕೊಂಡಿದೆ ಅಂತ ನನಗನ್ಸುತ್ತೆ.

ಬಲೆ ಅಂದೆ, ಆದ್ರೆ ಅದು ನೂಲಿನದಲ್ಲ, ಮುಂದೆ ಕಬ್ಬಿಣದ ಹಲ್ಲು, ಹಿಂದೆ ಕಬ್ಬಿಣದ ಬಳೆ ಕೋದ ಚೀಲ, ನಮ್ಮಲ್ಲಿ ಗದ್ದೆಗೆ ಹಲುಬೆ ಹೊಡೀತಾರಲ್ಲ ಹಾಗೆ ಸಮುದ್ರದ ತಳ ಕೆರೆದ್ಕೊಂಡು ಹೋಗುತ್ತೆ, ಅಲ್ಲಿರೋ ಬೇರೆ ಜೀವಗಳೂ ಹಾಳಾಗ್ತವೆ. ಅದಕ್ಕೇ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ 2008ರಲ್ಲಿ ದೊಡ್ಡ ಜಾಗದಲ್ಲಿ ಇದನ್ನ ನಿಲ್ಲಿಸಿದ್ರು. ನಾರ್ವೆಯಲ್ಲಿ ಡೈವರ್‌ಗಳು ಮುಳುಗಿ ಕೈಯಲ್ಲೇ ಆರಿಸ್ತಾರೆ, ಸಿಗೋದು ಕಮ್ಮಿ, ಆದ್ರೆ ನನಗೆ ಅದೇ ಸರಿ ಅನ್ಸುತ್ತೆ.

ಬ್ರಿಟನ್ ದೋಣಿಗಳಿಗೆ ಫ್ರಾನ್ಸಿನಷ್ಟು ರಜೆ ಇರಲಿಲ್ಲ. ಫ್ರೆಂಚ್ ಮೀನುಗಾರರು ಕೈಕಟ್ಟಿ ಕೂತಿರುವಾಗ ಅವರ ಕಣ್ಣೆದುರೇ ಇವರು ಹಿಡಿಯೋದು ಅಂದ್ರೆ ಹೊಟ್ಟೆ ಉರಿಯದೆ ಇರುತ್ತಾ? 2018ರ ಆಗಸ್ಟಲ್ಲಿ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿ ಹತ್ರ ದೋಣಿಗೆ ದೋಣಿ ಗುದ್ದಿ ಕಲ್ಲು ತೂರಾಡಿದ್ರು.

ಕಮ್ಮಿಯಾದ ಕಡೆ ಅಂದ್ರೆ ಐಸ್‌ಲ್ಯಾಂಡ್. ಅಲ್ಲಿದು ಬೇರೆ ಜಾತಿ, ಹಿಡಿದಿದ್ದೂ ಜಾಸ್ತಿ ಆಯ್ತು, ನೀರೂ ಬೆಚ್ಚಗಾಯ್ತು, ರೋಗವೂ ಬಿತ್ತು, 2003ರಲ್ಲಿ ಬಂದ್ ಮಾಡಿದ್ರು, ಬಂದ್ ಮಾಡಿದ್ಮೇಲೂ ಬೇಗ ಚೇತರಿಸಿಕೊಳ್ಳಲಿಲ್ಲ. ಸ್ಪೇನಿನ ಗಲೀಸಿಯಾದಲ್ಲಿ ಪಾಚಿಯ ವಿಷ ಚಿಪ್ಪಿನ ಮಾಂಸಕ್ಕೆ ಸೇರ್ಕೊಂಡು ತಿಂಗಳುಗಟ್ಟಲೆ ಹೋಗಲ್ಲ, ಟೆಸ್ಟ್ ಪಾಸಾಗದೆ ಮಾರೋ ಹಾಗಿಲ್ಲ.

ಅಣ್ಣ ಊರಿಗೆ ಬರುವಾಗ ಒಂದು ಖಾಲಿ ಚಿಪ್ಪು ತರೋಕೆ ಹೇಳು. ಮೇಲೆ ಉಂಗುರದ ಗೆರೆ ಇರುತ್ತೆ, ಚಳಿಗಾಲಕ್ಕೊಂದು. ಎಣಿಸಿ ನೋಡು, ಹನ್ನೊಂದು ಸೆಂಟಿಮೀಟರ್ ಆಗೋಕೆ ಅದಕ್ಕೆ ಎರಡು ಮೂರು ವರ್ಷ ಬೇಕು.