ವಿಶ್‌ಲಿಸ್ಟ್‌ಗೆ ಹಾಕಿದ್ದೆಲ್ಲ ಖರೀದಿ ಆಗುತ್ತಿದ್ದರೆ

"ಈಗ ಬೇಡ ಅಂತ ಶಾಪಿಂಗ್ ಆಪ್‌ನ ವಿಶ್‌ಲಿಸ್ಟ್‌ಗೆ ಹಾಕಿಡುತ್ತೇನೆ, ವಾರದೊಳಗೆ ಕೊಂಡುಬಿಟ್ಟಿರುತ್ತೇನೆ" ಅಂದಿದ್ದೀರಿ. ಕಾರಣ ಬಹುಶಃ ನೋಟಿಫಿಕೇಶನ್. ನಿಮಗೇನು ಬೇಕು ಅಂತ ಪಟ್ಟಿ ಮಾಡಿ ನೀವೇ ಅಂಗಡಿಯವನ ಕೈಗೆ ಕೊಟ್ಟಂತಾಯಿತು ಅಲ್ವಾ? ಬೆಲೆ ನೂರು ರೂಪಾಯಿ ಇಳಿದರೆ ಸಾಕು, ರಾತ್ರಿ ಹನ್ನೊಂದಕ್ಕೆ ಫೋನ್ ಟಿಂಗ್ ಅನ್ನುತ್ತದೆ.

ಮೊದಲು ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್‌ನ ನೋಟಿಫಿಕೇಶನ್ ಆಫ್ ಮಾಡಿ. ಡೆಲಿವರಿ ಸುದ್ದಿ ಬೇಕಿದ್ದರೆ ಆಫರ್‌ಗಳನ್ನಷ್ಟೇ ನಿಲ್ಲಿಸಲು ಬರುತ್ತದಾ ನೋಡಿ, ಎಲ್ಲ ಆಪ್‌ಗಳಲ್ಲೂ ಆ ಸೌಕರ್ಯ ಇರುವುದಿಲ್ಲ. ಆಮೇಲೆ ಸೇವ್ ಆಗಿರುವ ಕಾರ್ಡ್ ತೆಗೆದುಹಾಕಿ. ಎದ್ದು ಹೋಗಿ ಪರ್ಸ್ ತರಬೇಕು, ಅಂಕಿಗಳನ್ನೆಲ್ಲ ಒತ್ತಬೇಕು ಅಂದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ನಂತರ ಪಟ್ಟಿಯನ್ನೇ ಆಪ್‌ನಿಂದ ಹೊರಗೆ ತನ್ನಿ. ನಾನು ಫ್ರಿಜ್ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದ್ದೇನೆ. ವಸ್ತು, ಬೆಲೆ, ಬರೆದ ತಾರೀಖು, ಅಷ್ಟೇ. 30 ದಿನ ಕಳೆಯದೆ ಕೊಳ್ಳುವ ಹಾಗಿಲ್ಲ. ಏರ್ ಫ್ರೈಯರ್ ಎರಡು ಸಲ ಬರೆದೆ, ಎರಡು ಸಲವೂ ನಾನೇ ಹೊಡೆದುಹಾಕಿದೆ. ಮಿಕ್ಸಿ ಜಾರ್ ಉಳಿಯಿತು. ಅದು ನಿಜಕ್ಕೂ ಸೋರುತ್ತಿತ್ತು, ಚಟ್ನಿ ಅರೆದಾಗಲೆಲ್ಲ ಕಟ್ಟೆ ಒರೆಸುವ ಕೆಲಸ.

"ಎರಡೇ ಉಳಿದಿವೆ" ಅಂತ ಕಂಡರೆ ಸುಮ್ನೆ ಗಾಬರಿಯಾಗಬೇಡಿ. ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿ 'ಡಾರ್ಕ್ ಪ್ಯಾಟರ್ನ್' (ಗ್ರಾಹಕರನ್ನು ದಾರಿ ತಪ್ಪಿಸುವ ಆಪ್ ವಿನ್ಯಾಸ) ಎಂದೇ ಕರೆದು ನಿಷೇಧಿಸಿದೆ. ಅನುಮಾನ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು.

ಮನೆಯಲ್ಲಿ ಇನ್ನೂ ತೆರೆಯದ ಡಬ್ಬಗಳಿದ್ದರೆ, ರಿಟರ್ನ್‌ಗೆ ಕೊನೇ ದಿನ ಯಾವುದು ಅಂತ ಇವತ್ತೇ ನೋಡಿಬಿಡಿ.